ವಾರ್ಡಿನಲ್ಲಿ ಆಗಲೇ ಇರುವ ಮುಂದಾಳು: ನರ್ಸ್‌ಗಳ ನಾಯಕತ್ವ ಗುರುತಿಸುವುದು, ಬೆಳೆಸುವುದು ಹೇಗೆ?

‘ನಮ್ಮಲ್ಲಿ ವಾರ್ಡ್ ಇನ್‌ಚಾರ್ಜ್ ಆಗೋಕೆ ಯಾರೂ ಮುಂದೆ ಬರುತ್ತಿಲ್ಲ, ಏನು ಮಾಡೋದು?’ ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳು, ನರ್ಸಿಂಗ್ ಹೋಮ್ ನಡೆಸುವ ಡಾಕ್ಟರ್‌ಗಳು, ಈಗಷ್ಟೇ ಇನ್‌ಚಾರ್ಜ್ ಆದ ಸಿಸ್ಟರ್‌ಗಳು ಎಲ್ಲರೂ ಇದನ್ನೇ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಒಳ್ಳೆಯವರನ್ನು ಗುರುತಿಸಿ ಮುಂದೆ ತಂದರೂ ಬೇಗ ಬಿಟ್ಟು ಹೋಗುತ್ತಾರಲ್ಲ, ಯಾಕೆ?’

ಈ ಎರಡು ಪ್ರಶ್ನೆಗಳ ಬೇರು ಒಂದೇ. ಹೆಚ್ಚಿನ ವಾರ್ಡುಗಳಲ್ಲಿ ಮುಂದಾಳು ಆಗಲೇ ಇರುತ್ತಾರೆ. ಅವರ ಹೆಗಲ ಮೇಲೆ ಹೊಣೆಯೂ ಬಿದ್ದಿರುತ್ತದೆ. ಆದರೆ ಆ ಹೊಣೆ ನಿಭಾಯಿಸಲು ಬೇಕಾದ ಅಧಿಕಾರವನ್ನು ಯಾರೂ ಕೊಟ್ಟಿರುವುದಿಲ್ಲ. ಸಮಯವನ್ನಂತೂ ಕೊಟ್ಟಿರುವುದೇ ಇಲ್ಲ. ಹಾಗಿರುವಾಗ ಇನ್‌ಚಾರ್ಜ್ ಪಟ್ಟ ಬೇಡ ಅನ್ನುವುದು ಸಹಜವೇ ಅಲ್ವಾ?

1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ಕೊರತೆ ಜೋರಾಗಿತ್ತು. ಅಂಥ ಹೊತ್ತಿನಲ್ಲೂ ಕೆಲವು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಕೆಲಸ ಬಿಡುತ್ತಿರಲಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ 163 ಆಸ್ಪತ್ರೆಗಳನ್ನು ಪರಿಶೀಲಿಸಿ ಅಂಥ 41 ಆಸ್ಪತ್ರೆಗಳನ್ನು ಆರಿಸಿತು. 1983ರಲ್ಲಿ ವರದಿ ಬಂತು. ನರ್ಸ್‌ಗಳನ್ನು ಸೆಳೆದು ಹಿಡಿದಿಡುವ ಈ ಆಸ್ಪತ್ರೆಗಳಿಗೆ ‘ಮ್ಯಾಗ್ನೆಟ್ ಆಸ್ಪತ್ರೆ’ ಎಂಬ ಹೆಸರು ಬಿತ್ತು. ಅಲ್ಲಿ ನರ್ಸಿಂಗ್ ಮುಖ್ಯಸ್ಥರು ವಾರ್ಡಿನಲ್ಲಿ ಕಣ್ಣಿಗೆ ಕಾಣುತ್ತಿದ್ದರು, ವಾರ್ಡಿನ ತೀರ್ಮಾನಗಳಲ್ಲಿ ವಾರ್ಡಿನ ನರ್ಸ್‌ಗಳ ಮಾತು ನಡೆಯುತ್ತಿತ್ತು, ಡಾಕ್ಟರ್–ನರ್ಸ್ ಸಂಬಂಧ ಹದವಾಗಿತ್ತು. ನಮ್ಮ ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಆಸ್ಪತ್ರೆಗಳಲ್ಲಿ ಮಾಡಲಾಗದ್ದು ಇದರಲ್ಲಿ ಯಾವುದೂ ಇಲ್ಲ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ಸಾದಾ ನೋಟ್‌ಬುಕ್ ಬೇಕು. ಡ್ಯೂಟಿ ರೋಸ್ಟರ್, ಅಂದರೆ ಯಾರು ಯಾವ ಪಾಳಿಯಲ್ಲಿ ಎಂಬ ಪಟ್ಟಿ, ಬದಲಿಸುವ ಅಧಿಕಾರ ನಿಮಗಿರಬೇಕು. ಇಲ್ಲದಿದ್ದರೆ ಅಧಿಕಾರ ಇರುವವರು ನಿಮ್ಮ ಜೊತೆಗಿರಬೇಕು. ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರೋ ಮಾಲೀಕರೋ ‘ಆಯ್ತು, ಮಾಡಿ’ ಎಂದು ಒಪ್ಪಿರಬೇಕು. ಈ ಮೂರನೆಯದು ಇಲ್ಲದೆ ಹೊರಟರೆ ಐದನೇ ಹಂತದಲ್ಲಿ ನಿಂತುಬಿಡುತ್ತೀರಿ. ದುಡ್ಡು ಶುರುವಿಗೇ ಬೇಕಿಲ್ಲ. ಆದರೆ ಮುಂದೆ ಬೇಕಾಗುತ್ತದೆ, ಆ ವಿಷಯ ಏಳನೇ ಹಂತದಲ್ಲಿದೆ.

ಹಂತ 1: ಸರಿಯಾದ ಜಾಗದಲ್ಲಿ ನೋಡಿ

ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡುವವರು, ಇಂಗ್ಲಿಷ್ ಸರಾಗವಾಗಿ ಬರುವವರು, ಮೇಲಿನವರ ಕಣ್ಣಿಗೆ ಬೀಳುವವರು ಸುಲಭವಾಗಿ ‘ಲೀಡರ್’ ಅನ್ನಿಸಿಕೊಳ್ಳುತ್ತಾರೆ. ಅವರಲ್ಲಿ ಕೆಲವರು ನಿಜಕ್ಕೂ ಹಾಗಿರುತ್ತಾರೆ. ಆದರೆ ಮೀಟಿಂಗ್ ಕೋಣೆಯಲ್ಲಿ ಕೂತು ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಈ ನಾಲ್ಕು ಹೊತ್ತಿನಲ್ಲಿ ವಾರ್ಡಿಗೆ ಹೋಗಿ ನಿಂತು ನೋಡಿ.

ಹ್ಯಾಂಡೋವರ್ ಹೊತ್ತು. ಒಂದು ಪಾಳಿಯವರು ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವ ಸಮಯ ಇದು. ಹೆಚ್ಚಿನವರು ಕೇಸ್‌ಶೀಟಿನಲ್ಲಿ ಇರುವುದನ್ನು ಓದುತ್ತಾರೆ. ಒಬ್ಬರು ಮಾತ್ರ, ‘7ನೇ ಬೆಡ್ ಅಜ್ಜಿ ಮಧ್ಯಾಹ್ನದಿಂದ ಮಾತು ಕಡಿಮೆ ಮಾಡಿದ್ದಾರೆ, ಬಿಪಿ ಸರಿ ಇದೆ, ಆದರೂ ಗಂಟೆಗೊಮ್ಮೆ ನೋಡಿ’ ಎಂದು ಸೇರಿಸುತ್ತಾರೆ. ಮುಂದೆ ಏನಾಗಬಹುದು ಎಂದು ಯೋಚಿಸುವ ಈ ಗುಣವನ್ನು ಗುರುತು ಹಾಕಿಕೊಳ್ಳಿ.

ರಾತ್ರಿ ಪಾಳಿ. ಹಗಲಲ್ಲಿ ಹತ್ತು ಜನ ಇರುತ್ತಾರೆ, ತೀರ್ಮಾನ ಯಾರೋ ತೆಗೆದುಕೊಳ್ಳುತ್ತಾರೆ. ರಾತ್ರಿ ಎರಡು ಗಂಟೆಗೆ ಆಕ್ಸಿಜನ್ ಸಿಲಿಂಡರ್ ಮುಗಿಯುತ್ತಾ ಬಂದಾಗ, ಇಬ್ಬರು ರೋಗಿಗಳಿಗೆ ಒಟ್ಟಿಗೇ ಉಸಿರಾಟದ ತೊಂದರೆ ಆದಾಗ ಯಾರು ಕೆಲಸ ಹಂಚಿದರು? ಬೆಳಿಗ್ಗೆ ಬಂದ ಮೇಲೆ ಕೇಳಿ ತಿಳಿದುಕೊಳ್ಳಿ. ತಿಂಗಳಿಗೆ ಒಂದೆರಡು ಸಲವಾದರೂ ನೀವೇ ರಾತ್ರಿ ರೌಂಡ್ಸ್ ಹೋಗಿ. ರಾತ್ರಿ ಪಾಳಿಯವರ ಒಳ್ಳೆಯ ಕೆಲಸ ಯಾರ ಗಮನಕ್ಕೂ ಬಾರದೆ ಹೋಗುವುದೇ ಜಾಸ್ತಿ.

ತುರ್ತು ಸ್ಥಿತಿ ಮುಗಿದ ನಂತರದ ಅರ್ಧ ಗಂಟೆ. ಸಿಪಿಆರ್, ಅಂದರೆ ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ಪ್ರಯತ್ನ, ನಡೆಯುವಾಗ ಎಲ್ಲರೂ ಓಡುತ್ತಾರೆ. ಅದು ಮುಗಿದ ಮೇಲೆ ಕ್ರ್ಯಾಶ್ ಕಾರ್ಟ್‌ಗೆ, ತುರ್ತು ಔಷಧಿಗಳ ಆ ತಳ್ಳುಗಾಡಿಗೆ, ಖಾಲಿಯಾದದ್ದನ್ನು ತುಂಬುವವರು ಯಾರು? ಹೊರಗೆ ನಿಂತ ಮನೆಯವರ ಹತ್ತಿರ ಹೋಗುವವರು ಯಾರು? ಕೈ ನಡುಗುತ್ತಿರುವ ಹೊಸ ನರ್ಸನ್ನು ಕೂರಿಸಿ ನೀರು ಕೊಡುವವರು ಯಾರು?

ನಾಲ್ಕನೆಯದು, ಅನುಮಾನ ಬಂದ ಕ್ಷಣ. ಹೊಸಬರಿಗೆ ಡೋಸ್ ಲೆಕ್ಕದಲ್ಲಿ ಗೊಂದಲವಾದರೆ ಯಾರ ಹತ್ತಿರ ಓಡುತ್ತಾರೆ ನೋಡಿ. ಇನ್‌ಚಾರ್ಜ್ ಹತ್ತಿರವೇ ಹೋಗುತ್ತಾರೆ ಅಂತೇನಿಲ್ಲ. ಬೈಯದೆ ಹೇಳಿಕೊಡುವವರ ಹತ್ತಿರ ಹೋಗುತ್ತಾರೆ. ಹೊಸದಾಗಿ ಸೇರಿದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ‘ನಿಮಗೆ ತಿಳಿಯದಿದ್ದರೆ ಯಾರನ್ನು ಕೇಳುತ್ತೀರಿ?’ ಎಂದು ಕೇಳಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ನಿಮ್ಮ ಹುಡುಕಾಟ ಅರ್ಧ ಮುಗಿದಂತೆ.

ಎಚ್ಚರ: ಕರ್ನಾಟಕದ ಆಸ್ಪತ್ರೆಗಳಲ್ಲಿ ಕೇರಳದವರು, ಈಶಾನ್ಯ ರಾಜ್ಯದವರು, ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಬಂದವರು ಒಟ್ಟಿಗೆ ಕೆಲಸ ಮಾಡುತ್ತಾರೆ. ನಮ್ಮ ಭಾಷೆ, ನಮ್ಮ ಊರು, ನಮ್ಮ ಕಾಲೇಜು ಎಂಬ ಒಲವು ನಮಗೇ ಗೊತ್ತಿಲ್ಲದೆ ನುಸುಳುತ್ತದೆ. ಕನ್ನಡ ಇನ್ನೂ ಕಲಿಯುತ್ತಿರುವ ನರ್ಸ್ ಮೀಟಿಂಗಿನಲ್ಲಿ ಸುಮ್ನೆ ಕೂತಿದ್ದರೆ ಅವರಿಗೆ ಹೇಳಲು ಏನೂ ಇಲ್ಲ ಎಂದಲ್ಲ. ಗುತ್ತಿಗೆಯವರು, ಹೊರಗುತ್ತಿಗೆಯವರನ್ನು ಪಟ್ಟಿಯಿಂದಲೇ ಬಿಡುವುದು ಇನ್ನೊಂದು ತಪ್ಪು. ಮೂರನೆಯದು, ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಪ್ರಕಾರ ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇ 90ರಷ್ಟು ಮಹಿಳೆಯರು. ಹಾಗಿದ್ದೂ ‘ಅವರಿಗೆ ಮನೆ, ಮಕ್ಕಳು ಇದ್ದಾರೆ, ಹೊಣೆ ಬೇಡ ಅಂತಾರೆ’ ಎಂದು ಕೇಳದೆಯೇ ತೀರ್ಮಾನಿಸಿ ‘ಬ್ರದರ್’, ಅಂದರೆ ಗಂಡು ನರ್ಸ್, ಕಡೆ ತಿರುಗುವ ರೂಢಿ ಇದೆ. ಮೊದಲು ಅವರನ್ನೇ ಕೇಳಿ.

ಹಂತ 2: ಕಂಡದ್ದನ್ನು ಅದೇ ದಿನ ಬರೆದಿಡಿ

ನೆನಪನ್ನು ನಂಬಬೇಡಿ. ವರ್ಷದ ಕೊನೆಗೆ ಮೌಲ್ಯಮಾಪನದ ಫಾರಂ ತುಂಬಲು ಕೂತಾಗ ಕಳೆದ ಒಂದು ತಿಂಗಳದ್ದು ಮಾತ್ರ ನೆನಪಾಗುತ್ತದೆ. ಅದರಲ್ಲೂ ತಪ್ಪುಗಳೇ ಮೊದಲು ನೆನಪಾಗುತ್ತವೆ.

ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ನರ್ಸಿಗೆ ಒಂದು ಪುಟ ಕೊಡಿ. ದಿನಾಂಕ ಹಾಕಿ ಎರಡೇ ಸಾಲು ಬರೆಯಿರಿ: ಏನು ಮಾಡಿದರು, ಅದರಿಂದ ಏನಾಯಿತು. ‘ತುಂಬಾ ಡೆಡಿಕೇಟೆಡ್’ ಎಂದು ಬರೆದರೆ ಉಪಯೋಗವಿಲ್ಲ. ‘ಹೆಸರು ಹೋಲುವ ಎರಡು ಔಷಧಿ, ಡೋಪಮಿನ್ ಮತ್ತು ಡೊಬುಟಮಿನ್ ಆಂಪ್ಯೂಲ್, ಒಂದೇ ಟ್ರೇಯಲ್ಲಿದ್ದವು. ತಾವಾಗಿ ಬೇರೆ ಮಾಡಿ ಲೇಬಲ್ ಹಚ್ಚಿದರು, ಮುಂದಿನ ಪಾಳಿಗೂ ತಿಳಿಸಿದರು’ ಎಂದು ಬರೆದರೆ ಅದು ಸಾಕ್ಷಿ. ಮುಂದೆ ಬಡ್ತಿಗೋ ಪ್ರಶಸ್ತಿಗೋ ಹೆಸರು ಕಳಿಸುವಾಗ ಈ ಪುಟವೇ ಕೈ ಹಿಡಿಯುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ ಅಂದ ಕೂಡಲೇ ಎಲ್ಲರಿಗೂ ದೀಪ ನೆನಪಾಗುತ್ತದೆ. ಆದರೆ 1854ರಲ್ಲಿ, ಕ್ರಿಮಿಯನ್ ಯುದ್ಧದ ಹೊತ್ತಿನಲ್ಲಿ, ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದ ಅವರು ಸಾವಿನ ಲೆಕ್ಕವನ್ನೂ ಶಿಸ್ತಾಗಿ ಇಟ್ಟವರು. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ಕಾಯಿಲೆಗಳಿಂದ ಸಾಯುತ್ತಿದ್ದರು ಎಂಬುದನ್ನು ಚಿತ್ರ ಬಿಡಿಸಿ ಸರ್ಕಾರದ ಮುಂದಿಟ್ಟರು. ಅವರ ಮಾತಿಗೆ ತೂಕ ಬಂದದ್ದು ಆ ಲೆಕ್ಕದಿಂದ. ನಿಮ್ಮ ನರ್ಸ್‌ಗಳ ಪರವಾಗಿ ಆಡಳಿತದ ಜೊತೆ ಮಾತಾಡುವಾಗ ನಿಮಗೂ ಅಂಥ ತೂಕ ಬೇಕು.

ಬರೆಯುವ ಕೆಲಸ ನೀವೊಬ್ಬರೇ ಮಾಡಬೇಕಿಲ್ಲ. ಅಮೆರಿಕದಲ್ಲಿ 1999ರಲ್ಲಿ ಒಂದು ಕುಟುಂಬ ಮಗನನ್ನು ಕಳೆದುಕೊಂಡಿತು. ಅವನನ್ನು ಆರೈಕೆ ಮಾಡಿದ ನರ್ಸ್‌ಗಳಿಗೆ ಕೃತಜ್ಞತೆ ಹೇಳಲು ಅವರು ಕಟ್ಟಿದ ‘ಡೈಸಿ’ ಪ್ರಶಸ್ತಿ ಈಗ ಹಲವು ದೇಶಗಳ ಆಸ್ಪತ್ರೆಗಳಲ್ಲಿದೆ. ಅದರಲ್ಲಿ ರೋಗಿಗಳು, ಮನೆಯವರು, ಸಹೋದ್ಯೋಗಿಗಳು ಒಂದು ನಿಜ ಘಟನೆಯನ್ನು ಬರೆದು ನರ್ಸಿನ ಹೆಸರು ಸೂಚಿಸುತ್ತಾರೆ. ನಿಮ್ಮ ವಾರ್ಡಿನ ಬಾಗಿಲಲ್ಲೂ ಒಂದು ಡಬ್ಬ, ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ ಇಡಬಹುದು: ‘ಯಾವ ನರ್ಸ್? ಏನು ಮಾಡಿದರು?’ ಬರೆಯಲು ಬಾರದವರು ಡಿಸ್ಚಾರ್ಜ್ ಹೊತ್ತಿನಲ್ಲಿ ಹೇಳಿದರೆ ಬೇರೊಬ್ಬರು ಬರೆದುಕೊಳ್ಳಲಿ.

ಹಂತ 3: ಆದದ್ದನ್ನು ಹೆಸರಿಟ್ಟು ಹೇಳಿ

‘ಚೆನ್ನಾಗಿ ಮಾಡ್ತಿದ್ದೀರಾ, ಹೀಗೇ ಮುಂದುವರಿಸಿ.’ ಇದನ್ನು ಕೇಳಿದ ನರ್ಸಿಗೆ ಏನನ್ನು ಮುಂದುವರಿಸಬೇಕು ಎಂದೇ ಗೊತ್ತಾಗುವುದಿಲ್ಲ. ಹೀಗೆ ಹೇಳಿ ನೋಡಿ: ‘ನಿನ್ನೆ ಆ ರೋಗಿಯ ಕಡೆಯವರು ಕೂಗಾಡುತ್ತಿದ್ದಾಗ ನೀವು ಅವರನ್ನು ಪಕ್ಕಕ್ಕೆ ಕರೆದು ಕೂರಿಸಿ, ಸ್ಕ್ಯಾನ್ ಯಾಕೆ ತಡವಾಗಿದೆ ಎಂದು ಹೇಳಿದಿರಿ. ಉಳಿದ ರೋಗಿಗಳಿಗೆ ಗಾಬರಿ ಆಗಲಿಲ್ಲ.’ ಘಟನೆ, ಅವರ ನಡೆ, ಅದರ ಫಲ. ಮೂರೂ ಬರಬೇಕು. ಅದೇ ದಿನ, ತಪ್ಪಿದರೆ ಮರುದಿನ ಹೇಳಬೇಕು.

ಆಗಾಗ ಡಾಕ್ಟರ್‌ಗಳ ಎದುರೂ ಹೇಳಿ. ರೌಂಡ್ಸ್‌ನಲ್ಲಿ ‘ಇದನ್ನು ಮೊದಲು ಗಮನಿಸಿದ್ದು ಈ ಸಿಸ್ಟರ್’ ಎಂಬ ಒಂದು ಮಾತು ತಿಂಗಳ ಸರ್ಟಿಫಿಕೇಟಿಗಿಂತ ದೂರ ಹೋಗುತ್ತದೆ. ಕೆಲವರಿಗೆ ಎಲ್ಲರ ಮುಂದೆ ಹೊಗಳಿಸಿಕೊಳ್ಳುವುದು ಮುಜುಗರ. ಅವರಿಗೆ ಒಬ್ಬರೇ ಇದ್ದಾಗ ಹೇಳಿ.

‘ತಿಂಗಳ ನರ್ಸ್’ ಪಟ್ಟ ಸರದಿ ಮೇಲೆ ಎಲ್ಲರಿಗೂ ಹೋಗತೊಡಗಿದರೆ ಅದನ್ನು ನಿಲ್ಲಿಸುವುದೇ ಮೇಲು. ಮೇ 12ರ ನರ್ಸ್‌ಗಳ ದಿನವನ್ನು ಕೇಕ್, ಗುಲಾಬಿಯೊಂದಿಗೆ ಆಚರಿಸುವುದರಲ್ಲಿ ತಪ್ಪೇನಿಲ್ಲ. ಅದೇ ದಿನ ನಿಮ್ಮ ನೋಟ್‌ಬುಕ್ಕಿನಿಂದ ಮೂರು ನಾಲ್ಕು ಘಟನೆ ಓದಿ ಹೇಳಿ. ಅದಕ್ಕೆ ಮೊದಲು ಸಂಬಂಧಪಟ್ಟ ನರ್ಸ್‌ಗಳ ಒಪ್ಪಿಗೆ ಪಡೆಯಿರಿ, ರೋಗಿಯ ಗುರುತು ಬಿಡಿ.

ಹಂತ 4: ಸಣ್ಣ ಹೊಣೆ ಕೊಡಿ, ಪೂರ್ತಿ ಅಧಿಕಾರ ಕೊಡಿ, ಸಮಯವನ್ನೂ ಕೊಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಸಾಧ್ಯ ಎನ್ನುವುದಾದರೆ ಇದನ್ನು ಮಾಡಿ.

ಗುರುತಿಸಿದ ನರ್ಸನ್ನು ಒಮ್ಮೆಲೇ ಇನ್‌ಚಾರ್ಜ್ ಮಾಡಬೇಡಿ. ಇನ್‌ಚಾರ್ಜ್ ಕೆಲಸದಲ್ಲಿ ಅರ್ಧ ಭಾಗ ಇಂಡೆಂಟ್, ಅಂದರೆ ಸ್ಟೋರಿನಿಂದ ಸಾಮಾನು ತರಿಸುವ ಬೇಡಿಕೆ ಪಟ್ಟಿ, ಸ್ಟಾಕ್ ರಿಜಿಸ್ಟರ್, ಲಿನನ್ ಲೆಕ್ಕ, ರಜೆ ಹೊಂದಿಸುವುದು. ರೋಗಿಯ ಪಕ್ಕದಲ್ಲಿ ಅದ್ಭುತವಾಗಿ ಕೆಲಸ ಮಾಡುವವರನ್ನು ತಂದು ರಿಜಿಸ್ಟರಿನ ಮುಂದೆ ಕೂರಿಸಿದರೆ ಒಳ್ಳೆಯ ನರ್ಸನ್ನು ಕಳೆದುಕೊಳ್ಳುತ್ತೀರಿ. ಒಳ್ಳೆಯ ಇನ್‌ಚಾರ್ಜ್ ಸಿಗುತ್ತಾರೆ ಎಂಬ ಖಾತ್ರಿಯೂ ಇಲ್ಲ. ಇದೊಂದು ತಪ್ಪು ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಜನರನ್ನು ಕೆಲಸದಿಂದಲೇ ದೂರ ಮಾಡಿದೆ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಬದಲಿಗೆ ಮೂರು ತಿಂಗಳ ಒಂದು ಗಟ್ಟಿ ಕೆಲಸ ಕೊಡಿ. ಕೆಲವು ಉದಾಹರಣೆಗಳು:

ಬೆಡ್‌ಸೋರ್ ತಡೆ. ಮಲಗಿದಲ್ಲೇ ಇರುವ ರೋಗಿಗಳ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಆಗುವ ಹುಣ್ಣು ಇದು. ದಾಖಲಾದ ದಿನವೇ ಬ್ರೇಡನ್ ಸ್ಕೇಲ್‌ನಿಂದ ಅಪಾಯ ಅಳೆಯುವುದು ಮೊದಲ ಕೆಲಸ. ಇದು 6ರಿಂದ 23ರವರೆಗಿನ ಅಂಕ, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ ಇದೆ ಎಂದರ್ಥ. ಅಂಥವರನ್ನು ಮಗ್ಗುಲು ಬದಲಿಸುವ ವೇಳಾಪಟ್ಟಿ ಪಾಲಿಸುವುದು, ಮನೆಯವರಿಗೂ ಅದನ್ನು ಕಲಿಸುವುದು ಮುಂದಿನದು.

ಅಪಾಯಕಾರಿ ಔಷಧಿಗಳ ಜೋಪಾನ. ಗಾಢ ಪೊಟ್ಯಾಸಿಯಂ ಕ್ಲೋರೈಡ್, ಇನ್ಸುಲಿನ್, ಹೆಪರಿನ್‌ನಂಥವನ್ನು ಬೇರೆ ಇಡುವುದು, ಕೊಡುವ ಮೊದಲು ಇಬ್ಬರು ನೋಡುವ ಪದ್ಧತಿ ಜಾರಿಗೆ ತರುವುದು.

ಹೊಸಬರಿಗೆ ಕಲಿಸುವುದು. ಇದಕ್ಕೆ ಪ್ರಿಸೆಪ್ಟರ್ ಎನ್ನುತ್ತಾರೆ, ಹೊಸ ನರ್ಸಿನ ಜೊತೆಗಿದ್ದು ಕೆಲಸ ಕಲಿಸುವವರು. ಮೊದಲ ಹಂತದಲ್ಲಿ ಮತ್ತೆ ಮತ್ತೆ ಕೇಳಿಬಂದ ಆ ಹೆಸರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಸರ್ಕಾರಿ ಆಸ್ಪತ್ರೆಯಲ್ಲಿದ್ದರೆ ‘ಕಾಯಕಲ್ಪ’ದ ಸ್ವಚ್ಛತೆ ಅಥವಾ ಹೆರಿಗೆ ಕೋಣೆಯ ಗುಣಮಟ್ಟದ ‘ಲಕ್ಷ್ಯ’ ಯೋಜನೆಯ ಒಂದು ಭಾಗವನ್ನು ವಹಿಸಬಹುದು. ಹೇಗೂ ಅದರ ಹೆಚ್ಚಿನ ಕೆಲಸ ನರ್ಸ್‌ಗಳೇ ಮಾಡುತ್ತಾರೆ. ಮಾಡಿದವರ ಹೆಸರೂ ಅದರ ಮೇಲೆ ಇರಲಿ.

ಕೆಲಸ ಒಪ್ಪಿಸುವಾಗ ಒಂದು ಹಾಳೆಯಲ್ಲಿ ಬರೆದು ಕೊಡಿ. ಏನು ಮಾಡಬೇಕು, ಯಾವ ತಾರೀಕಿನವರೆಗೆ, ಯಾವ ತೀರ್ಮಾನ ಅವರೇ ತೆಗೆದುಕೊಳ್ಳಬಹುದು, ಯಾವುದಕ್ಕೆ ನಿಮ್ಮನ್ನು ಕೇಳಬೇಕು. ‘ಔಷಧಿ ಟ್ರೇ ಜೋಡಣೆ ನೀವೇ ಬದಲಿಸಬಹುದು, ಹೊಸ ಕಪಾಟು ಬೇಕಾದರೆ ನನ್ನನ್ನು ಕೇಳಿ’ ಎಂಬಷ್ಟು ಸ್ಪಷ್ಟವಾಗಿರಲಿ. ಆ ಹಾಳೆಯ ಒಂದು ಪ್ರತಿ ವಾರ್ಡಿನ ನೋಟಿಸ್ ಬೋರ್ಡಿಗೆ ಹೋಗಲಿ. ಇಲ್ಲದಿದ್ದರೆ ಹಿರಿಯರು ‘ನೀನ್ಯಾರು ಹೇಳೋಕೆ?’ ಎಂದರೆ ಅವರ ಹತ್ತಿರ ಉತ್ತರ ಇರುವುದಿಲ್ಲ.

ಇನ್ನು ಸಮಯ. ವಾರಕ್ಕೆ ಎರಡು ತಾಸನ್ನು ರೋಸ್ಟರಿನಲ್ಲೇ ಗುರುತಿಸಿ. ಆ ಎರಡು ತಾಸು ಅವರಿಗೆ ರೋಗಿಗಳ ಹಂಚಿಕೆ ಇರಬಾರದು. ‘ಡ್ಯೂಟಿ ಮುಗಿಸಿ ಮಾಡಿ’ ಅಂದರೆ ಅದು ಶಿಕ್ಷೆ. ಜನ ಎಲ್ಲಿಂದ ತರೋದು ಎಂದು ನೀವು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆಯೇ. ಕೇಂದ್ರ ಸರ್ಕಾರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಹಾಕಿಕೊಟ್ಟ ಮಾನದಂಡದಲ್ಲಿ ಸಾಮಾನ್ಯ ವಾರ್ಡಿನಲ್ಲಿ 6 ರೋಗಿಗಳಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬರು ಇರಬೇಕು. ಎಷ್ಟೋ ವಾರ್ಡುಗಳಲ್ಲಿ ವಾಸ್ತವ ಇದಕ್ಕೆ ಎಷ್ಟು ದೂರ ಎಂದು ನಿಮಗೇ ಗೊತ್ತು. ಹಾಗಾಗಿ ಎರಡು ತಾಸು ಹುಡುಕುವ ದಾರಿ ಬೇರೆ. ನರ್ಸ್‌ಗಳು ಮಾಡುತ್ತಿರುವ ನರ್ಸಿಂಗ್ ಅಲ್ಲದ ಕೆಲಸ ಪಟ್ಟಿ ಮಾಡಿ. ಲ್ಯಾಬ್ ರಿಪೋರ್ಟ್ ತರಲು ಓಡುವುದು, ಬಿಲ್ಲಿಂಗ್ ಕೌಂಟರಿಗೆ ಫೋನ್ ಮಾಡುತ್ತಾ ನಿಲ್ಲುವುದು, ಒಂದೇ ಮಾಹಿತಿಯನ್ನು ಮೂರು ರಿಜಿಸ್ಟರಿನಲ್ಲಿ ಬರೆಯುವುದು. ಇದರಲ್ಲಿ ಒಂದನ್ನು ತೆಗೆದರೂ ವಾರಕ್ಕೆ ಎರಡು ತಾಸು ಸಿಗುತ್ತದೆ.

ಎಚ್ಚರ: ಕೊಟ್ಟ ಹೊಣೆಯನ್ನು ನಡುವೆ ಕಿತ್ತುಕೊಳ್ಳಬೇಡಿ. ಅವರ ದಾರಿ ನಿಮ್ಮ ದಾರಿಯಲ್ಲ ಅನ್ನುವ ಒಂದೇ ಕಾರಣಕ್ಕೆ ತಿದ್ದಲು ಹೋಗಬೇಡಿ. ರೋಗಿಗೆ ಅಪಾಯ ಇದ್ದರೆ ಮಾತ್ರ ಕೈ ಹಾಕಿ.

ಹಿರಿಯರ ಅಸಮಾಧಾನ ಬಂದೇ ಬರುತ್ತದೆ. ಇಪ್ಪತ್ತು ವರ್ಷ ಸರ್ವಿಸ್ ಆದವರನ್ನು ಬಿಟ್ಟು ಮೂರು ವರ್ಷದವರಿಗೆ ಕೆಲಸ ಕೊಟ್ಟರೆ ನೋವಾಗುವುದು ಸಹಜ. ಘೋಷಣೆ ಮಾಡುವ ಮೊದಲೇ ಹಿರಿಯರನ್ನು ಕರೆದು ಮಾತಾಡಿ. ಅವರ ಅನುಭವಕ್ಕೆ ತಕ್ಕ ಜಾಗ ಇರಲಿ: ಹೊಸ ಕ್ರಮ ಜಾರಿಗೆ ಬರುವ ಮೊದಲು ಅವರು ಒಮ್ಮೆ ನೋಡಿ ಸಲಹೆ ಕೊಡಲಿ. ಸೇವಾ ಹಿರಿತನಕ್ಕೆ ಗೌರವ ಬೇಕು, ಆದರೆ ಅದೊಂದೇ ಅಳತೆಗೋಲಾಗಬಾರದು.

ಹಂತ 5: ಡಾಕ್ಟರ್ ಎದುರು ಮಾತಾಡಲು ಕಲಿಸಿ

ನರ್ಸಿಗೆ ಎಲ್ಲ ಗೊತ್ತಿದ್ದೂ ರಾತ್ರಿ ಫೋನ್ ಮಾಡಲು ಹಿಂಜರಿಯುವುದು ಅಪರೂಪವಲ್ಲ. ‘ಇಷ್ಟಕ್ಕೆಲ್ಲ ಎಬ್ಬಿಸಬೇಕಾ?’ ಎಂದು ಒಮ್ಮೆ ಕೇಳಿಸಿಕೊಂಡವರು ಮುಂದಿನ ಸಲ ಕಾಯುತ್ತಾರೆ. ಆ ಕಾಯುವಿಕೆಯಲ್ಲಿ ಜೀವ ಹೋಗಬಹುದು. ಧೈರ್ಯ ಮಾಡಿ ಎಂದು ಉಪದೇಶ ಮಾಡಿದರೆ ಧೈರ್ಯ ಬರುವುದಿಲ್ಲ. ಮಾತಿಗೆ ಒಂದು ಚೌಕಟ್ಟು ಕೊಟ್ಟರೆ ಬರುತ್ತದೆ.

ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚೌಕಟ್ಟು ಎಸ್‌ಬಾರ್. ಮೂಲದಲ್ಲಿ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಕ್ರಮ, ಆಮೇಲೆ ಆಸ್ಪತ್ರೆಗಳಿಗೆ ಬಂತು. ನಾಲ್ಕು ಭಾಗ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಏನು ಮಾಡಬೇಕು. ಕನ್ನಡದಲ್ಲಿ ಹೀಗಿರುತ್ತದೆ:

‘ಸರ್, ಸರ್ಜಿಕಲ್ ವಾರ್ಡಿನಿಂದ ಮಾತಾಡುತ್ತಿದ್ದೇನೆ. 12ನೇ ಬೆಡ್ ರೋಗಿಯ ಬಿಪಿ 90/60ಕ್ಕೆ ಇಳಿದಿದೆ, ನಾಡಿ 124. ಬೆಳಿಗ್ಗೆ ಹೊಟ್ಟೆ ಆಪರೇಷನ್ ಆಗಿದೆ, ಸಂಜೆ 6ಕ್ಕೆ ಬಿಪಿ 120/80 ಇತ್ತು. ಕಳೆದ ಎರಡು ತಾಸಲ್ಲಿ ಡ್ರೈನ್‌ನಲ್ಲಿ 300 ಎಂಎಲ್ ರಕ್ತ ಬಂದಿದೆ. ಒಳಗೆ ರಕ್ತಸ್ರಾವ ಆಗುತ್ತಿದೆ ಅನ್ನಿಸುತ್ತದೆ. ನೀವು ಕೂಡಲೇ ಬಂದು ನೋಡಬೇಕು. ಅಷ್ಟರಲ್ಲಿ ಕ್ರಾಸ್‌ಮ್ಯಾಚಿಂಗ್‌ಗೆ ರಕ್ತ ಕಳಿಸಲಾ?’

(ಕ್ರಾಸ್‌ಮ್ಯಾಚಿಂಗ್ ಅಂದರೆ ಕೊಡುವ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆ.) ಮೂರನೇ ಭಾಗ ನೋಡಿ. ‘ನನಗೆ ಹೀಗನ್ನಿಸುತ್ತದೆ’ ಎಂದು ಹೇಳುವುದೇ ನಮ್ಮ ನರ್ಸ್‌ಗಳಿಗೆ ಕಷ್ಟ. ಬಿಪಿ ಹೇಳಿ ಸುಮ್ಮನಾಗುತ್ತಾರೆ. ತಮ್ಮ ಅಂದಾಜು ಹೇಳುವುದು, ಏನು ಬೇಕು ಎಂದು ಕೇಳುವುದು, ನಾಯಕತ್ವ ಮೊದಲು ಕಾಣುವುದು ಇಲ್ಲೇ. ವಾರಕ್ಕೊಮ್ಮೆ ಹ್ಯಾಂಡೋವರ್ ನಂತರ ಹತ್ತು ನಿಮಿಷ ಇಬ್ಬರಿಬ್ಬರಾಗಿ ಅಭ್ಯಾಸ ಮಾಡಿಸಿ. ಒಬ್ಬರು ನಿದ್ದೆಯಲ್ಲಿದ್ದ ಡಾಕ್ಟರ್ ಆಗಲಿ, ಇನ್ನೊಬ್ಬರು ನರ್ಸ್.

ಫೋನಿನ ಆಚೆ ಇರುವವರೂ ಬದಲಾಗಬೇಕು. ನಾನು ಮೊದಲೇ ಹೇಳಿದ ವೈದ್ಯಕೀಯ ಅಧೀಕ್ಷಕರ ಒಪ್ಪಿಗೆ ಬೇಕಾಗುವುದು ಇಲ್ಲಿ. ಅವರು ಎಲ್ಲ ಡಾಕ್ಟರ್‌ಗಳಿಗೆ, ಮುಖ್ಯವಾಗಿ ಪಿಜಿ ಮತ್ತು ಡ್ಯೂಟಿ ಡಾಕ್ಟರ್‌ಗಳಿಗೆ, ಬರಹದಲ್ಲಿ ತಿಳಿಸಬೇಕು: ಫೋನ್ ಮಾಡಿದ ನರ್ಸನ್ನು ಗದರಬಾರದು. ಡಾಕ್ಟರ್ ಬರದಿದ್ದರೆ ಯಾರಿಗೆ ಹೇಳಬೇಕು, ಅವರೂ ಸಿಗದಿದ್ದರೆ ಮುಂದೆ ಯಾರು ಎಂಬ ಕ್ರಮ ಫೋನ್ ನಂಬರ್ ಸಮೇತ ನರ್ಸಿಂಗ್ ಸ್ಟೇಷನ್ನಿನಲ್ಲಿ ಅಂಟಿಸಿರಬೇಕು. ಹಾಗೆ ಮೇಲಿನವರಿಗೆ ಫೋನ್ ಮಾಡಿದ ನರ್ಸಿನ ಬೆನ್ನಿಗೆ ಮರುದಿನ ನೀವು ನಿಲ್ಲಬೇಕು. ಒಂದು ಸಲ ನಿಲ್ಲದೆ ಹೋದರೆ ವಾರ್ಡಿನಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ರೋಗಿಯ ಕಡೆಯವರಿಂದ ಬೈಗುಳ, ಹಲ್ಲೆ ಆದಾಗಲೂ ಹಾಗೆಯೇ. ವೈದ್ಯಕೀಯ ಸೇವಾ ಸಿಬ್ಬಂದಿ ಮೇಲಿನ ಹಿಂಸೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯಿದೆ ಇದೆ, ನರ್ಸ್‌ಗಳೂ ಅದರಡಿ ಬರುತ್ತಾರೆ. ದೂರು ಕೊಡಲು ಆಸ್ಪತ್ರೆಯೇ ಮುಂದಾಗಬೇಕು. ನರ್ಸನ್ನು ಒಬ್ಬರೇ ಠಾಣೆಗೆ ಕಳಿಸಬೇಡಿ.

ಹಂತ 6: ತಪ್ಪು ಒಪ್ಪಿಕೊಂಡವರನ್ನು ಕಾಪಾಡಿ

ಇನ್ಸಿಡೆಂಟ್ ರಿಪೋರ್ಟ್ ಎಂದರೆ ನಡೆದ ತಪ್ಪು ಅಥವಾ ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನು ಬರೆದು ಕೊಡುವುದು. ಎನ್‌ಎಬಿಎಚ್, ಅಂದರೆ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ, ಅದರ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಇದು ಇರಲೇಬೇಕು. ಆದರೆ ಫಾರಂ ಬಂದ ಕೂಡಲೇ ಮೆಮೊ ಕೊಟ್ಟರೆ ಮುಂದಿನ ಫಾರಂ ಬರುವುದಿಲ್ಲ.

ತಾವಾಗಿ ಬಂದು ‘ನನ್ನಿಂದ ಡೋಸ್ ತಪ್ಪಾಗುತ್ತಿತ್ತು, ಕೊನೇ ಗಳಿಗೆಯಲ್ಲಿ ನೋಡಿದೆ’ ಎಂದು ಹೇಳಿದ ನರ್ಸಿಗೆ ಮೊದಲು ಧನ್ಯವಾದ ಹೇಳಿ. ಆಮೇಲೆ ಯಾಕಾಯಿತು ಎಂದು ಒಟ್ಟಿಗೆ ಕೂತು ನೋಡಿ. ಬಾಟಲಿ ಒಂದೇ ತರ ಇತ್ತಾ? ಬರಹ ಓದಲು ಆಗಲಿಲ್ಲವಾ? ಡಬಲ್ ಡ್ಯೂಟಿ ಆಗಿತ್ತಾ? ಬೇಕೆಂದೇ ನಿಯಮ ಮುರಿದದ್ದು, ಮುಚ್ಚಿಟ್ಟದ್ದು ಬೇರೆ ವಿಷಯ, ಅದಕ್ಕೆ ಕ್ರಮ ಬೇಕು. ಈ ವ್ಯತ್ಯಾಸ ವಾರ್ಡಿನ ಎಲ್ಲರಿಗೂ ಮೊದಲೇ ತಿಳಿದಿರಲಿ.

ಹಂತ 7: ದುಡ್ಡು, ಓದು, ಬಡ್ತಿ

ಚಪ್ಪಾಳೆಯಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ. ಹೆಚ್ಚುವರಿ ಹೊಣೆ ಹೊತ್ತವರಿಗೆ ಭತ್ಯೆ ಕೊಡಿ, ಸಣ್ಣದಾದರೂ ಸರಿ. ಖಾಸಗಿ ಆಸ್ಪತ್ರೆ ನಡೆಸುವವರು ಒಂದು ಅಳತೆ ತಿಳಿದಿರಬೇಕು. ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ತಜ್ಞರ ಸಮಿತಿ 2016ರಲ್ಲಿ ಶಿಫಾರಸು ಮಾಡಿದ್ದು ಹೀಗೆ: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ನರ್ಸ್‌ಗಳಿಗೆ ರಾಜ್ಯ ಸರ್ಕಾರದ ಸಮಾನ ಹುದ್ದೆಯಷ್ಟೇ ಸಂಬಳ. 100ರಿಂದ 200 ಇದ್ದರೆ ಆ ಸಂಬಳಕ್ಕಿಂತ ಕಡಿಮೆಯಾದರೂ ವ್ಯತ್ಯಾಸ ಶೇ 10 ದಾಟಬಾರದು. 50ರಿಂದ 100 ಇದ್ದರೆ ಆ ವ್ಯತ್ಯಾಸ ಶೇ 25 ದಾಟಬಾರದು. 50ಕ್ಕಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದು. ನಿಮ್ಮ ಆಸ್ಪತ್ರೆ ಇದಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿಪಡಿಸಿ. ನಾಯಕತ್ವದ ತರಬೇತಿ ಆಮೇಲೆ.

ಓದಿಗೂ ದಾರಿ ಮಾಡಿಕೊಡಿ. ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಡಿಪ್ಲೊಮಾ ಮಾಡಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ, ಆಮೇಲೆ ಎಂಎಸ್ಸಿ. ಎಲ್ಲರಿಗೂ ರಜೆ ಕೊಡಲಾಗದಿದ್ದರೆ ಸಿಎನ್‌ಇ, ಅಂದರೆ ಕೆಲಸದಲ್ಲಿರುವ ನರ್ಸ್‌ಗಳ ಮುಂದುವರಿದ ಕಲಿಕೆಯ ಕಾರ್ಯಕ್ರಮಗಳಿಗೆ ಡ್ಯೂಟಿ ಮೇಲೆ ಕಳಿಸಿ. ಪ್ರತಿ ಸಲ ಅದೇ ಇಬ್ಬರು ಹೋಗುವುದು ಬೇಡ. ಹೋಗಿ ಬಂದವರು ವಾರ್ಡಿನಲ್ಲಿ ಇಪ್ಪತ್ತು ನಿಮಿಷ ಉಳಿದವರಿಗೆ ಹೇಳಿಕೊಡಲಿ.

ಇನ್‌ಚಾರ್ಜ್ ಆಗದೆಯೂ ಮೇಲೇರುವ ಮೆಟ್ಟಿಲು ಬೇಕು. ಸೋಂಕು ನಿಯಂತ್ರಣ ನರ್ಸ್, ಗಾಯದ ಆರೈಕೆ, ಡಯಾಲಿಸಿಸ್, ತರಬೇತಿ ಹೀಗೆ ಪರಿಣತಿಯ ಹುದ್ದೆಗಳಿಗೆ ಇನ್‌ಚಾರ್ಜ್‌ಗೆ ಸಮನಾದ ಸಂಬಳ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಂಬಳ, ಬಡ್ತಿ ನಿಮ್ಮ ಕೈಯಲ್ಲಿಲ್ಲ, ನಿಜ. ಕಾರ್ಯನಿರ್ವಹಣಾ ವರದಿಯಲ್ಲಿ ಘಟನೆ ಸಮೇತ ಬರೆಯುವುದು, ತರಬೇತಿಗೆ ಹೆಸರು ಕಳಿಸುವುದು, ಪ್ರಶಸ್ತಿಗೆ ಸೂಚಿಸುವುದು ನಿಮ್ಮ ಕೈಯಲ್ಲಿದೆ. ಕೇಂದ್ರ ಸರ್ಕಾರ 1973ರಲ್ಲಿ ಶುರು ಮಾಡಿದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಗೆ ನರ್ಸ್‌ಗಳ ಜೊತೆ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ), ಎಲ್‌ಎಚ್‌ವಿ (ಲೇಡಿ ಹೆಲ್ತ್ ವಿಸಿಟರ್) ಹುದ್ದೆಯವರನ್ನೂ ಪರಿಗಣಿಸುತ್ತಾರೆ. ಅರ್ಜಿಯಲ್ಲಿ ಹೊಗಳಿಕೆ ಬರೆಯಬೇಡಿ, ನಿಮ್ಮ ನೋಟ್‌ಬುಕ್ಕಿನ ಪುಟ ಬರೆಯಿರಿ.

ಎಚ್ಚರ: ‘ಬೆಳೆಸಿದರೆ ವಿದೇಶಕ್ಕೆ ಹೋಗ್ತಾರೆ’ ಎಂಬ ಹೆದರಿಕೆಯಿಂದ ಬಾಂಡ್ ಬರೆಸಿಕೊಳ್ಳುವುದು, ಸರ್ಟಿಫಿಕೇಟ್ ಇಟ್ಟುಕೊಳ್ಳುವುದು ಖಂಡಿತ ಬೇಡ. ಹೋಗುವವರು ಹೋಗುತ್ತಾರೆ. ಉಳಿದವರು ಅದನ್ನು ನೋಡಿ ನಂಬಿಕೆ ಕಳೆದುಕೊಳ್ಳುತ್ತಾರೆ.

ಹಂತ 8: ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡಿ

ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ‘ಸಾವಿರ ರೋಗಿ-ದಿನಕ್ಕೆ ಎಷ್ಟು’ ಎಂಬ ಲೆಕ್ಕ ಬಳಸಿ. ವಾರ್ಡಿನಲ್ಲಿ ದಿನಕ್ಕೆ ಸರಾಸರಿ 25 ರೋಗಿಗಳಿದ್ದರೆ 30 ದಿನಕ್ಕೆ 750 ರೋಗಿ-ದಿನ. ಆ ತಿಂಗಳು 3 ಹೊಸ ಬೆಡ್‌ಸೋರ್ ಆಗಿದ್ದರೆ 3ನ್ನು 750ರಿಂದ ಭಾಗಿಸಿ ಸಾವಿರದಿಂದ ಗುಣಿಸಿ: 4. ಮುಂದಿನ ತಿಂಗಳು ರೋಗಿಗಳು ಹೆಚ್ಚಾದರೂ ಕಡಿಮೆಯಾದರೂ ಹೋಲಿಸಬಹುದು. ಲೆಕ್ಕವನ್ನು ಆ ಹೊಣೆ ಹೊತ್ತ ನರ್ಸೇ ಮಾಡಲಿ, ಮೀಟಿಂಗಿನಲ್ಲಿ ಅವರೇ ಹೇಳಲಿ. ಅವರ ಪರವಾಗಿ ನೀವು ಹೇಳಬೇಡಿ.

ಇನ್ಸಿಡೆಂಟ್ ರಿಪೋರ್ಟ್‌ಗಳ ಸಂಖ್ಯೆ ಶುರುವಿನಲ್ಲಿ ಏರುತ್ತದೆ. ಆಡಳಿತದವರು ಗಾಬರಿಯಾಗುತ್ತಾರೆ. ತಪ್ಪು ಹೆಚ್ಚಿಲ್ಲ, ಹೇಳುವವರು ಹೆಚ್ಚಿದ್ದಾರೆ ಎಂದು ಮೊದಲೇ ತಿಳಿಸಿಡಿ. ಕೆಲಸ ಬಿಟ್ಟವರ ಸಂಖ್ಯೆಯನ್ನೂ ಬರೆದುಕೊಳ್ಳಿ, ಬಿಡುವಾಗ ಕಾರಣ ಕೇಳಿ. ಸಾಧ್ಯವಾದರೆ ನೇರ ಮೇಲಧಿಕಾರಿ ಅಲ್ಲದವರು ಕೇಳಲಿ.

ಇಪ್ಪತ್ತು ಮೂವತ್ತು ಹಾಸಿಗೆಯ ಆಸ್ಪತ್ರೆಯವರಿಗೆ

ಇಷ್ಟೆಲ್ಲ ಹಂತ ನಮಗೆ ಆಗುವುದಿಲ್ಲ ಎಂದು ತಾಲ್ಲೂಕು ಕೇಂದ್ರಗಳ ಡಾಕ್ಟರ್‌ಗಳು ಹೇಳುತ್ತಾರೆ. ನಿಮ್ಮಲ್ಲಿ ಏಳೆಂಟು ನರ್ಸ್‌ಗಳಿರಬಹುದು. ಹಾಗಿದ್ದರೆ ಹಂತ 2, 4, 5 ಸಾಕು. ಒಬ್ಬರಿಗೆ ಔಷಧಿ ಜೋಪಾನ, ಒಬ್ಬರಿಗೆ ಹೊಸಬರ ಕಲಿಕೆ ಕೊಡಿ. ನಿಮಗೆ ರಾತ್ರಿ ಬರುವ ಫೋನ್ ಎಸ್‌ಬಾರ್ ಕ್ರಮದಲ್ಲಿ ಬರಲಿ, ನೀವು ಪೂರ್ತಿ ಕೇಳಿಸಿಕೊಳ್ಳಿ. ವೈದ್ಯಕೀಯ ಅಧೀಕ್ಷಕರೂ ಮಾಲೀಕರೂ ನೀವೇ ಆಗಿರುವುದರಿಂದ ಒಪ್ಪಿಗೆಗೆ ಕಾಯಬೇಕಿಲ್ಲ. ಮುಂದಿನ ತಿಂಗಳ ರೋಸ್ಟರ್ ಬರೆಯುವಾಗ ಆ ಎರಡು ತಾಸನ್ನು ಮೊದಲು ಗುರುತು ಮಾಡಿ, ಉಳಿದ ಪಾಳಿಗಳನ್ನು ಅದರ ಸುತ್ತ ತುಂಬಿ.